ಸಿಡಿಗೆ ಹಚ್ಚಿದ ಗಂಧ

ಶಿಷ್ಯನೊಬ್ಬ ಕೇಳಿದ: “ಬುದ್ಧಿ, ತಮ್ಮ ಪ್ರವಚನವನ್ನೆಲ್ಲ ಸಿಡಿಗೆ ಬರೆಸಿಟ್ಟಿದ್ದೇನೆ. ಇನ್ನು ದಿನವೂ ಬಂದು ಕೂರದಿದ್ದರೂ ಆದೀತು. ಮನೆಯ ಕಪಾಟಿನಲ್ಲಿ ಅದು ಎಷ್ಟು ವರ್ಷ ಬಾಳುತ್ತದೆ?”

ಗುರುಗಳು ನಕ್ಕರು. “ಬಲು ಜಾಣನಪ್ಪ ನೀನು. ಕೂತುಕೋ, ಕತೆ ಮುಗಿಯುವವರೆಗಾದರೂ” ಎಂದು ಹೇಳತೊಡಗಿದರು.

ಒಬ್ಬಳು ಬಟ್ಟೆ ಹೊಲಿದು ಬದುಕುತ್ತಿದ್ದಳು. ಅವಳ ತಾಯಿ ಸೋಬಾನೆ ಹೇಳುವವಳು. ಮದುವೆಮನೆಯಲ್ಲಿ ಅವಳು ಒಂದು ಸಾಲು ಹೇಳಿದರೆ ಹೆಂಗಸರೆಲ್ಲ ಅದನ್ನೇ ತಿರುಗಿ ಹೇಳುತ್ತಿದ್ದರು. ಮೊದಲ ಸಾಲು ಎತ್ತಿಕೊಡಲು ಆ ಸೀಮೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ತಾಯಿಗೆ ವಯಸ್ಸಾಯಿತೆಂದು ಮಗಳು ಆ ಪದಗಳನ್ನು ಸಿಡಿಗೆ ಬರೆಸಿದಳು. ಒಳ್ಳೆಯ ಕೆಲಸವೇ. ತಪ್ಪೆನ್ನಲಾರೆ.

ಆಮೇಲೆಯೂ ತಾಯಿ ಹೊಲಿಗೆಯಂತ್ರದ ಪಕ್ಕ ಬಂದು ಕೂರುವಳು. “ಒಂದು ಪದ ಎತ್ಕೊಡ್ತೀನಿ, ಹೇಳು ಮಗಾ” ಎನ್ನುವಳು.

“ಎಲ್ಲಾನೂ ಸಿಡೀಲಿ ಐತೆ ಕಣವ್ವಾ. ಯಾಕೆ ಗಂಟಲು ನೋಯಿಸ್ಕೊಂತೀಯ?” ಎನ್ನುವಳು ಮಗಳು. ಪ್ರೀತಿಯಿಂದಲೇ ಹೇಳುತ್ತಿದ್ದಳು, ಪಾಪ.

ಹಾಕಿದರೆ ಸವೆದೀತೆಂದು ಅವಳು ಸಿಡಿಯನ್ನು ಒಮ್ಮೆಯೂ ಹಾಕಲಿಲ್ಲ. ದೇವರ ಗೂಡಿನಲ್ಲಿಟ್ಟಳು. ಪ್ರತಿ ಆಯುಧಪೂಜೆಯಲ್ಲೂ ಯಂತ್ರ, ಕತ್ತರಿಗಳ ಜೊತೆ ಅದಕ್ಕೂ ಗಂಧ, ಕುಂಕುಮ ಹಚ್ಚಿದಳು. ಮರುದಿನ ಒದ್ದೆಬಟ್ಟೆಯಲ್ಲಿ ಒರೆಸಿ ಮತ್ತೆ ಗೂಡಿಗೆ ಸೇರಿಸಿದಳು. ತಾಯಿ ತೀರಿಕೊಂಡ ಮೇಲೆ ಪೂಜೆ ಇನ್ನೂ ಹೆಚ್ಚಾಯಿತು.

ಅವಳ ಮಗಳ ಮದುವೆ ಬಂತು. ಅರಿಸಿನ ಹಚ್ಚಲು ಹೆಂಗಸರು ಸುತ್ತ ಕೂತರು. ಅಜ್ಜಿಯ ದನಿಯಲ್ಲೇ ಮೊಮ್ಮಗಳಿಗೆ ಸೋಬಾನೆ ಆಗಲಿ ಎಂದು ಅವಳು ಸಿಡಿಯನ್ನು ಮೈಕಿನವನ ಕೈಗೆ ಕೊಟ್ಟಳು. ಸಿಡಿ ತಿರುಗಿತು. ದನಿ ಬರಲಿಲ್ಲ. ತಿರುಗಿ ಹೇಳಬೇಕಾದವರು ಮೊದಲ ಸಾಲಿಗಾಗಿ ಕಾದು ಕೂತಿದ್ದರು.

ಮೈಕಿನವನು ಅದನ್ನು ಬೆಳಕಿಗೆ ಹಿಡಿದ. ಮೇಲಿನ ಪದರ ಚಕ್ಕೆಯೆದ್ದಿತ್ತು. “ಅಕ್ಕಾ, ಹಾಡು ಇರೋದು ಈ ಮೇಲಿನ ಪದರದ ಅಡೀಲೇ. ಅದಕ್ಕೇ ಗಂಧ ಹಚ್ಚಿ ಒರೆಸಿದ್ದೀರಿ. ಹಂಗೇ ಇಟ್ಟಿದ್ರೂ ಇಂಥವು ಐದು ವರ್ಷಕ್ಕೆ ಹೋಗಬೌದು, ಇಪ್ಪತ್ತು ವರ್ಷ ಇರಲೂಬೌದು. ಆಗಾಗ ಹಾಕಿ ನೋಡಿ, ಇನ್ನೊಂದು ಪ್ರತಿ ಮಾಡಿಸ್ಕೋಬೇಕಿತ್ತು” ಎಂದ.

ಒಬ್ಬ ಮುದುಕಿ ಅವಳತ್ತ ತಿರುಗಿ, “ಹೋಗ್ಲಿ ಬಿಡವ್ವಾ, ನೀನೇ ಎತ್ಕೊಡು. ನಿಮ್ಮವ್ವನ ಪದ ನಿಂಗೆ ಬರದೇ ಇದ್ದಾದಾ?” ಎಂದಳು.

ಅವಳು ಬಾಯಿ ತೆರೆದಳು. ಒಂದು ಸಾಲೂ ಬರಲಿಲ್ಲ. ಎಲ್ಲರೆದುರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮದುಮಗಳಿಗೆ ಸೋಬಾನೆಯಿಲ್ಲದೆ ಅರಿಸಿನ ಹಚ್ಚಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ, “ಹಾಗಾದರೆ ಆ ಸಿಡಿ ಎಷ್ಟು ವರ್ಷ ಬಾಳಿತು, ಬುದ್ಧಿ?” ಎಂದು ಕೇಳಿದ.

“ಅದು ನನಗೆ ಗೊತ್ತಿಲ್ಲಪ್ಪ. ಆದರೆ ಅದನ್ನು ಬರೆಸಿದ ಮೇಲೆ ತಾಯಿ ಆರು ವರ್ಷ ಬದುಕಿದ್ದಳು” ಎಂದರು ಗುರುಗಳು.