ದಾಟದೆ ಓಡಿದವಳು

"ಗುರುಗಳೇ, ಗುರು ಎದುರಿಗೆ ಇರುವಾಗ ಶಿಷ್ಯ ಅವರ ಪೀಠದಲ್ಲಿ ಕೂರಬಹುದೇ?"

ಶಿವನಂಜ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ನಾಳೆಯ ಪ್ರವಚನ ನೀನೇ ಮಾಡು ಎಂದು ಗುರುಗಳು ಬೆಳಿಗ್ಗೆ ಹೇಳಿದ್ದರು. ಹಿಂದೆಯೂ ಹಲವು ಸಲ ಹೇಳಿದ್ದರು. ಆಗೆಲ್ಲ ಅವನು ಒಮ್ಮೆ ಗಂಟಲು ಸರಿಯಿಲ್ಲ ಎಂದಿದ್ದ, ಒಮ್ಮೆ ಊರಿಗೆ ಹೋಗಬೇಕು ಎಂದಿದ್ದ. ಈ ಸಲ ನೆಪಗಳೆಲ್ಲ ಖರ್ಚಾಗಿದ್ದವು. ಹೇಳಬೇಕಾದದ್ದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಗುರುಗಳು ಇರುವಾಗ ತಾನು ಬಾಯಿ ತೆರೆದರೆ ಅದು ಉದ್ಧಟತನವಾದೀತು ಎಂಬುದು ಅವನ ಅಳುಕು.

ಗುರುಗಳು ಮುಗುಳ್ನಕ್ಕರು. "ಕೂತುಕೋ. ಒಂದು ಓಟದ ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಒಬ್ಬಳು ಬಸ್ ಕಂಡಕ್ಟರ್ ಇದ್ದಳು. ಪೇಟೆಯಿಂದ ಹೊರಟು, ಕೆರೆ ಏರಿಯ ಮೇಲೆ ಹಾದು, ಹಳೆಯ ಸೇತುವೆಯ ತನಕ ಹೋಗಿ ಬರುವ ಬಸ್ಸು ಅವಳದು. ಆ ರಸ್ತೆಯ ಒಂದೊಂದು ಹೊಂಡವೂ ಅವಳ ಸೊಂಟಕ್ಕೆ ಗೊತ್ತು. ಒಂದು ವರ್ಷ ಅದೇ ರಸ್ತೆಯಲ್ಲಿ ಹಾಫ್ ಮ್ಯಾರಥಾನ್ ಓಟ ನಡೆಯುತ್ತದೆ ಎಂದು ಸುದ್ದಿ ಬಂತು. ಇಪ್ಪತ್ತೊಂದು ಕಿಲೋಮೀಟರ್. ಇಷ್ಟು ವರ್ಷ ಚಕ್ರದ ಮೇಲೆ ಸವೆಸಿದ ದಾರಿಯನ್ನು ಒಂದೇ ಒಂದು ಸಲ ತನ್ನ ಕಾಲಿನಿಂದ ಮುಗಿಸಬೇಕು ಎಂದು ಅವಳಿಗೆ ಹಟ ಹುಟ್ಟಿತು. ಡಿಪೋದಲ್ಲಿ ಎಲ್ಲರೂ ನಕ್ಕರು. ಅವಳಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಬದುಕಿನಲ್ಲಿ ತನಗೆಂದು ಅವಳು ಬೇಡಿದ್ದು ಅದೊಂದೇ.

ಡಿಪೋದ ಹಿಂದಿನ ಮೈದಾನದಲ್ಲಿ ಒಬ್ಬರು ವಯಸ್ಸಾದವರು ದಿನವೂ ಓಡುತ್ತಿದ್ದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವಳು ಹೋಗಿ ಕೈಮುಗಿದು, ನನಗೂ ಓಡುವುದನ್ನು ಕಲಿಸಿ ಎಂದಳು. ತಾವಾಗಿಯೇ ಹುಡುಕಿಕೊಂಡು ಬಂದ ಶಿಷ್ಯರು ಮೇಷ್ಟ್ರಿಗೆ ಅದುವರೆಗೆ ಸಿಕ್ಕಿರಲಿಲ್ಲ. ಅವರಿಗೆ ಹಿಗ್ಗೋ ಹಿಗ್ಗು. ಮರುದಿನವೇ ಪಾಠ ಶುರುವಾಯಿತು. ನಿಧಾನವಾಗಿ ಓಡುವುದನ್ನು ಮೊದಲು ಕಲಿ ಎಂದರು. ಓಡುತ್ತ ಓಡುತ್ತ ಮಾತಾಡಲು ಆಗಬೇಕು, ಮಾತು ತುಂಡಾಯಿತೋ ವೇಗ ಹೆಚ್ಚಾಯಿತು ಎಂದು ತಿಳಿ ಎಂದರು. ಮೇಷ್ಟ್ರು ಮುಂದೆ, ಅವಳು ಹಿಂದೆ. ಅವರ ಬೆನ್ನನ್ನೇ ನೋಡುತ್ತ ಅವಳು ಮಳೆ ಬಿಸಿಲು ಎನ್ನದೆ ಓಡಿದಳು. ಹೆತ್ತ ತಂದೆಯ ಮೇಲೆ ಇರುವಂಥ ಪ್ರೀತಿ ಅವಳಿಗೆ ಆ ಮೇಷ್ಟ್ರ ಮೇಲೆ ಬೆಳೆಯಿತು.

ಕೆಲವು ತಿಂಗಳಲ್ಲಿ ಅವಳ ಕಾಲು ಮೇಷ್ಟ್ರ ಕಾಲಿಗಿಂತ ಚುರುಕಾಯಿತು. ಅದು ಅವಳಿಗೂ ತಿಳಿಯಿತು. ಆದರೆ ಅವಳು ಬೆಳೆದ ಮನೆಯಲ್ಲಿ ಹಿರಿಯರನ್ನು ಹಿಂದೆ ಹಾಕಿ ಯಾರೂ ನಡೆದವರಲ್ಲ. ಹಾಗಾಗಿ ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡು ಹಿಂದೆಯೇ ಉಳಿದಳು.

ಓಟದ ದಿನ ಬಂತು. ಇಬ್ಬರೂ ಎದೆಗೆ ನಂಬರ್ ಚುಚ್ಚಿಕೊಂಡು ಜನರ ನಡುವೆ ನಿಂತರು. ಗೊತ್ತುಮಾಡಿದ ಹೊತ್ತಿನೊಳಗೆ ಗುರಿ ಮುಟ್ಟಬೇಕು; ಆಗದವರನ್ನು ಹಿಂದಿನಿಂದ ಬರುವ ವ್ಯಾನು ಹತ್ತಿಸಿಕೊಳ್ಳುತ್ತದೆ. ಅದು ಅಲ್ಲಿನ ನಿಯಮ. ತಾನು ವ್ಯಾನು ಹತ್ತಿ ಬಂದರೆ ಡಿಪೋದವರು ಜನ್ಮವಿಡೀ ಆಡಿಕೊಳ್ಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಮುಂದೆ ಮೇಷ್ಟ್ರ ಬೆನ್ನು ಕಾಣುತ್ತಿದ್ದುದರಿಂದ ಧೈರ್ಯವಾಗಿ ಹೊರಟಳು.

ಸೇತುವೆಯ ತನಕ ಎಲ್ಲವೂ ಸರಿಯಾಗಿತ್ತು. ತಿರುಗಿ ಬರುವಾಗ ಮೇಷ್ಟ್ರು ನಿಧಾನಿಸಿದರು. ಕೊನೆಗೆ ಬೇಕಾಗುತ್ತದೆ ಎಂದು ಶಕ್ತಿ ಉಳಿಸುತ್ತಿದ್ದಾರೆ, ಅವರಿಗೆ ತಿಳಿಯದ್ದೇ ಎಂದುಕೊಂಡು ಅವಳೂ ನಿಧಾನಿಸಿದಳು. ಅವರು ಇನ್ನೂ ನಿಧಾನಿಸಿದರು. ಅವಳೂ ಇನ್ನೂ ನಿಧಾನಿಸಿದಳು. ಹರಟೆ ಹೊಡೆಯುತ್ತ ಬಂದ ಕಾಲೇಜು ಹುಡುಗಿಯರು ಇಬ್ಬರನ್ನೂ ದಾಟಿದರು. ಹೊಟ್ಟೆ ಹೊತ್ತುಕೊಂಡು ಏದುಸಿರು ಬಿಡುತ್ತಿದ್ದ ಒಬ್ಬ ವ್ಯಾಪಾರಿಯೂ ದಾಟಿದ. ಅವಳ ಕಾಲಿನಲ್ಲಿ ಓಟ ತುಂಬಿ ತುಳುಕುತ್ತಿತ್ತು. ಅದನ್ನು ಹಿಡಿದಿಟ್ಟುಕೊಳ್ಳುವುದೇ ಓಡುವುದಕ್ಕಿಂತ ಕಷ್ಟವಾಯಿತು.

ಕೆರೆ ಏರಿಯ ಮೇಲೆ ಮೇಷ್ಟ್ರು ಬಗ್ಗಿ ಶೂ ಲೇಸು ಕಟ್ಟತೊಡಗಿದರು. ಅವಳೂ ಬಗ್ಗಿ, ಬಿಗಿಯಾಗಿಯೇ ಇದ್ದ ತನ್ನ ಲೇಸನ್ನು ಬಿಚ್ಚಿ ಕಟ್ಟಿದಳು. ಮುಂದೆ ನೀರು ಕೊಡುವ ಮೇಜಿನ ಹತ್ತಿರ ಮೇಷ್ಟ್ರು ಒಂದು ಲೋಟವನ್ನು ಗುಟುಕು ಗುಟುಕಾಗಿ ಹೀರುತ್ತ ನಿಂತರು. ಅವಳು ಸುಮ್ಮನೆ ನಿಲ್ಲಲಾರದೆ ಲೋಟದ ಮೇಲೆ ಲೋಟ ಕುಡಿದಳು. ಅಷ್ಟರಲ್ಲಿ ಏರಿಯ ಆ ತುದಿಯಲ್ಲಿ ವ್ಯಾನು ಕಾಣಿಸಿತು.

"ಯಾಕಮ್ಮಾ ನಿಂತೆ?" ಎಂದರು ಮೇಷ್ಟ್ರು.

"ನೀವು ನಿಂತಿರಲ್ಲ ಸಾರ್."

"ನಾನು ನಿಂತಿದ್ದು ನೀನು ಹೋಗಲಿ ಅಂತ ಕಣಮ್ಮಾ!"

"ನಿಮ್ಮನ್ನ ದಾಟ್ಕೊಂಡು ಹೋಗೋದಾ? ನನ್ನ ಕೈಲಿ ಆಗಲ್ಲ ಸಾರ್. ವ್ಯಾನ್ ಬರ್ಲಿ ಬಿಡಿ, ಇಬ್ರೂ ಹತ್ಕೊಂಡು ಹೋಗೋಣ."

ಮೇಷ್ಟ್ರು ಮಂಡಿಯ ಮೇಲೆ ಕೈಯಿಟ್ಟರು.

"ಸೇತುವೆ ಹತ್ರಾನೇ ಈ ಮಂಡಿ ಹಿಡ್ಕೊಂಡ್ತು. ಅಲ್ಲೇ ಕೂತ್ಬಿಡೋಣ ಅಂದ್ಕೊಂಡೆ. ಹಿಂದೆ ನಿನ್ನ ಹೆಜ್ಜೆ ಸದ್ದು ಕೇಳ್ತಿತ್ತು. ನಾನು ಕೂತ್ರೆ ನೀನೂ ಕೂರ್ತೀಯ. ಅದಕ್ಕೇ ಹಲ್ಲು ಕಚ್ಕೊಂಡು ಇಲ್ಲೀವರೆಗೂ ಬಂದೆ. ನೀನು ನನ್ನ ಹಿಂದೆ ಇರೋ ತನಕ ನಾನು ನಿಲ್ಲೋ ಹಾಗಿಲ್ಲ ತಾಯಿ."

ಇಷ್ಟು ಹೊತ್ತು ಅವಳು, ಅವರಿಗಾಗಿ ತಾನು ನಿಧಾನಿಸಿದೆ ಎಂದುಕೊಂಡಿದ್ದಳು. ತನಗಾಗಿ ಅವರು ನೋವು ನುಂಗಿ ಓಡಿದ್ದರು. ತನ್ನ ಮರ್ಯಾದೆಯೇ ಅವರ ಮಂಡಿಯನ್ನು ಹಿಂಡುತ್ತಿದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದಳು.

ಮೇಷ್ಟ್ರು ಮೈದಾನದ ದನಿಯಲ್ಲಿ ಗದರಿದರು. "ಈಗ ನಮಸ್ಕಾರ ಬೇರೆ ಕೇಡು! ದಿನಾ ಬಸ್ಸಲ್ಲಿ ಊರೋರಿಗೆಲ್ಲ 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ಕೂಗ್ತೀಯಲ್ಲ. ನಿನಗೆ ಯಾರು ಹೇಳ್ಬೇಕು? ನಾನೇ ಹೇಳ್ತೀನಿ. ಹೋಗಮ್ಮಾ ಮುಂದೆ!"

ಅವಳು ಹೊರಟಳು. ಮುಂದೆ ಯಾರ ಬೆನ್ನೂ ಇರಲಿಲ್ಲ. ಬರಿಯ ರಸ್ತೆ ಇತ್ತು. ಮೊದಲು ದಿಕ್ಕೇ ತೋಚಲಿಲ್ಲ. ಎಷ್ಟು ವೇಗ ಹೋಗಬೇಕು, ಯಾವಾಗ ತಡೆಯಬೇಕು ಎಂದು ನೋಡಿಕೊಳ್ಳಲು ಎದುರಿಗೆ ಏನೂ ಇರಲಿಲ್ಲ. ಅಭ್ಯಾಸದಂತೆ ತನ್ನಷ್ಟಕ್ಕೆ ಒಂದು ಮಾತು ಆಡಿ ನೋಡಿದಳು. ಮಾತು ತುಂಡಾಗಲಿಲ್ಲ. ಇನ್ನಷ್ಟು ಓಡಬಹುದು ಎಂದು ತಿಳಿಯಿತು. ಪೇಟೆ ಬಂತು, ಜನ ಚಪ್ಪಾಳೆ ತಟ್ಟಿದರು. ಹೊತ್ತು ಮೀರುತ್ತ ಬಂತೆಂದು ಹಗ್ಗ ಕಟ್ಟಲು ಕಾರ್ಯಕರ್ತರು ಎದ್ದು ನಿಂತಿದ್ದರು. ಅವರು ಕಟ್ಟುವ ಮೊದಲೇ ಅವಳು ಒಳಗೆ ನುಗ್ಗಿದಳು.

ಕೊರಳಿಗೆ ಪದಕ ಬಿದ್ದಾಗಲೂ ಅವಳ ಕಣ್ಣು ರಸ್ತೆಯ ಮೇಲೆಯೇ ಇತ್ತು. ಸ್ವಲ್ಪ ಹೊತ್ತಿಗೆ ವ್ಯಾನು ಬಂತು. ಮೇಷ್ಟ್ರು ಕಿಟಕಿಯ ಪಕ್ಕ ಕಾಲು ಚಾಚಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಅವಳು ಓಡಿಹೋಗಿ ಕಿಟಕಿ ಹಿಡಿದುಕೊಂಡಳು.

"ಕಾಲು ಹೇಗಿದೆ ಸಾರ್?"

ಮೇಷ್ಟ್ರ ಮುಖ ಅರಳಿತ್ತು. "ಕಾಲಿನ ಮಾತು ಬಿಡಮ್ಮಾ. ಇಷ್ಟು ಸುಖವಾಗಿ ಕೂತು ಎಷ್ಟು ವರ್ಷ ಆಗಿತ್ತು ಗೊತ್ತಾ!"

ಗುರುಗಳು ಕತೆ ನಿಲ್ಲಿಸಿದರು. ಕಂಡಕ್ಟರಮ್ಮನ ಬಗ್ಗೆ ಶಿವನಂಜನಿಗೆ ಅಕ್ಕರೆ ಹುಟ್ಟಿತ್ತು. ಆದರೂ ಅವನ ಅಳುಕು ಅವನನ್ನು ಬಿಟ್ಟಿರಲಿಲ್ಲ.

"ಆ ಮೇಷ್ಟ್ರಿಗೆ ಮಂಡಿ ನೋವಿತ್ತು, ಆಕೆ ದಾಟಿದಳು. ಅದು ಸರಿ," ಎಂದ. "ನಿಮಗೇನಾಗಿದೆ ಗುರುಗಳೇ? ನೀವು ಗಟ್ಟಿಯಾಗಿಯೇ ಇದ್ದೀರಲ್ಲ?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಹಿಂದೆ ನಿನ್ನ ಹೆಜ್ಜೆಯ ಸದ್ದು ಕೇಳುತ್ತಿದೆಯಲ್ಲ ಮಗು, ಅದಕ್ಕೇ ಗಟ್ಟಿಯಾಗಿದ್ದೇನೆ."