ಬಿಟ್ಟುಹೋದ ಸಾಲು

ಶಿಷ್ಯನು ತನ್ನ ತಾಳದ ಜೋಡಿಯನ್ನು ಗುರುಗಳ ಮುಂದೆ ಇಟ್ಟು ಕೇಳಿದನು: "ಗುರುಗಳೇ, ಹನ್ನೆರಡು ವರ್ಷ ಊರವರಿಗೆ ಭಜನೆ ಕಲಿಸಿದೆ. ಮೊದಲೆಲ್ಲ ಹೊತ್ತುಗೊತ್ತಿಲ್ಲದೆ ಸಂಶಯ ಕೇಳಲು ಬರುತ್ತಿದ್ದರು. ಈ ವರ್ಷ ಒಬ್ಬರೂ ನನ್ನ ಹೊಸ್ತಿಲು ತುಳಿದಿಲ್ಲ. ನಾನು ಕಲಿಸಿದ್ದು ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯಿತೇ?"

ಗುರುಗಳು ತಾಳವನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸಂಪಾದಕನಿದ್ದನು. ಊರಿಗೊಂದು ಕಂಪ್ಯೂಟರ್ ಕೂಡ ಇಲ್ಲದ ಕಾಲದಲ್ಲಿ ಅವನು ಕನ್ನಡದಲ್ಲಿ ಕಂಪ್ಯೂಟರ್ ಮಾಸಪತ್ರಿಕೆ ಹೊರಡಿಸಿದನು. ಯಂತ್ರವನ್ನೇ ಕಾಣದವರಿಗೆ ಯಂತ್ರದ ಪತ್ರಿಕೆಯೇ ಎಂದು ಜನ ನಕ್ಕರು. ಅವನೂ ಅವರ ಜೊತೆ ನಕ್ಕು, ಅಚ್ಚಿಗೆ ಕೊಟ್ಟನು. ಪ್ರತಿ ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ಪ್ರೋಗ್ರಾಂ ಇರುತ್ತಿತ್ತು. ಓದುಗರು ಅದನ್ನು ಸಾಲುಸಾಲಾಗಿ ನೋಡಿಕೊಂಡು ಕಂಪ್ಯೂಟರಿನಲ್ಲಿ ಟೈಪು ಮಾಡಬೇಕು. ಎಲ್ಲ ಸಾಲೂ ಸರಿಯಿದ್ದರೆ ಅದು ಓಡುತ್ತದೆ.

ಮೊದಲ ವರ್ಷ, ತಾರೀಕು ಕೊಟ್ಟರೆ ವಾರ ಹೇಳುವ ಪ್ರೋಗ್ರಾಂ ಬಂದಿತು. ಅಚ್ಚಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಯಾರು ಟೈಪು ಮಾಡಿದರೂ ಓಡಲಿಲ್ಲ. ಮುನ್ನೂರು ಕಾಗದ ಬಂದವು. ಒಂದರಲ್ಲೂ ಬೈಗುಳವಿರಲಿಲ್ಲ. ಅಚ್ಚಾದದ್ದು ತಪ್ಪಾಗಿರಬಹುದೆಂದು ಯಾರಿಗೂ ತೋಚಿರಲಿಲ್ಲ. ಒಬ್ಬ ಹಿಟ್ಟಿನ ಗಿರಣಿಯವನಂತೂ ಪಕ್ಕದ ಪಟ್ಟಣದ ಶಾಲೆಗೆ ಹೋಗಿ, ಅಲ್ಲಿಯ ಕಂಪ್ಯೂಟರಿನಲ್ಲಿ ಹನ್ನೊಂದು ಸಲ ಟೈಪು ಮಾಡಿ, ದೋಷ ನನ್ನ ಕೈಯದೇ, ಕ್ಷಮಿಸಬೇಕು ಎಂದು ಬರೆದಿದ್ದನು. ಸಂಪಾದಕನು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದನು. ಮುನ್ನೂರು ಜನಕ್ಕೂ ಸ್ವಂತ ಕೈಯಿಂದ ಉತ್ತರ ಬರೆದನು.

ಅಲ್ಲಿಂದ ಪತ್ರಿಕೆ ಬೆಳೆಯಿತು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಬಂದ ದಿನವೇ ಮುಗಿಯುತ್ತಿತ್ತು. ಒಂದು ಪ್ರತಿ ಹತ್ತು ಕೈ ತಿರುಗುತ್ತಿತ್ತು. ಅಂಚೆಯವನು ಕಾಗದಗಳನ್ನು ಮೂಟೆ ಕಟ್ಟಿ ಸೈಕಲ್ಲಿನ ಮೇಲೆ ಹೇರಿಕೊಂಡು ಬರುತ್ತಿದ್ದನು.

ಕಾಲ ತಿರುಗಿತು. ಪತ್ರಿಕೆ ತಿಂಗಳಿಗೊಮ್ಮೆ ಹೇಳುವುದನ್ನು ಜನರ ಕೈಯ ಫೋನು ಅಂದಂದೇ ಹೇಳತೊಡಗಿತು. ಅಂಗಡಿಗಳಿಂದ ಪತ್ರಿಕೆಯ ಕಟ್ಟುಗಳು ಬಿಚ್ಚದೆಯೇ ಹಿಂದಿರುಗಿದವು. ಸಂಪಾದಕನು ಇದೇ ಕೊನೆಯ ಸಂಚಿಕೆ ಎಂದು ತಿಳಿಸಿ, ಮೊದಲ ವರ್ಷದ ನೆನಪಿಗೆ ಆ ವಾರ ಹೇಳುವ ಪ್ರೋಗ್ರಾಮನ್ನೇ ಮತ್ತೆ ಹಾಕಿದನು. ಪ್ರತಿಗಳು ಊರೂರಿಗೆ ಹೋದ ಮೇಲೆ ನೋಡುತ್ತಾನೆ, ಅವನು ಎತ್ತಿಕೊಂಡದ್ದು ಆ ಹಳೆಯ ತಪ್ಪಿನ ಪುಟವನ್ನೇ. ಅದೇ ಸಾಲು ಮತ್ತೆ ಬಿಟ್ಟುಹೋಗಿತ್ತು.

ನಾಚಿಕೊಂಡು ಕಾಗದಗಳಿಗೆ ಕಾದನು. ಒಂದು ತಿಂಗಳಾಯಿತು. ಒಂದೂ ಬರಲಿಲ್ಲ. ಯಾರಾದರೂ ಬೈದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಓದುವವರು ಒಬ್ಬರೂ ಉಳಿದಿಲ್ಲ, ಇಪ್ಪತ್ತು ವರ್ಷ ನಾನು ಮಾಡಿದ್ದು ಅರಣ್ಯರೋದನ ಎಂದುಕೊಂಡನು. ಆದರೂ ಮನಸ್ಸು ತಡೆಯದೆ ಗಿರಣಿಯವನ ಊರಿಗೆ ಹೋದನು.

ಗಿರಣಿಯವನು ಹಿಟ್ಟಿನ ಕೈ ಕೊಡವಿಕೊಂಡು ಬಂದು ಮಣೆ ಹಾಕಿದನು. ಕೊನೆಯ ಸಂಚಿಕೆ ತರಿಸಿಕೊಂಡೆನೆಂದೂ, ಪ್ರೋಗ್ರಾಂ ಚೆನ್ನಾಗಿ ಓಡಿತೆಂದೂ, ತನ್ನ ಮದುವೆ ಮನೆಯಾಕೆ ವಾದಿಸುತ್ತಿದ್ದಂತೆ ಗುರುವಾರವೇ ಆಗಿತ್ತೆಂದು ಹೇಳಿ ಆಕೆಯ ಮುಂದೆ ತನ್ನನ್ನು ಸೋಲಿಸಿತೆಂದೂ ತಿಳಿಸಿದನು.

"ಒಂದು ಸಾಲು ಇರಲಿಲ್ಲವಲ್ಲ?" ಎಂದನು ಸಂಪಾದಕ.

"ಇರಲಿಲ್ಲ ಸ್ವಾಮಿ, ಹಾಕಿಕೊಂಡೆ. ನಮ್ಮೂರಲ್ಲಿ ಇನ್ನೂ ನಾಲ್ಕು ಜನ ಹಾಕಿಕೊಂಡರು."

"ನನಗೊಂದು ಕಾಗದ ಬರೆಯಬಾರದಿತ್ತೇ?"

"ಅನ್ನದಲ್ಲಿ ಕಲ್ಲು ಸಿಕ್ಕರೆ ಪಕ್ಕಕ್ಕಿಟ್ಟು ಉಣ್ಣುತ್ತೇವೆ. ಅಡಿಗೆಯವರಿಗೆ ಕಾಗದ ಬರೆಯುತ್ತೇವೆಯೇ? ಆದರೂ ತಪ್ಪು ತಿಳಿಯಬೇಡಿ ಸ್ವಾಮಿ, ಇಪ್ಪತ್ತು ವರ್ಷದಲ್ಲಿ ನಾವು ಕಲಿತೆವು, ನೀವೇ ಕಲಿಯಲಿಲ್ಲ."

ಸಂಪಾದಕನು ನಕ್ಕನು. ಗಿರಣಿಯ ಸದ್ದನ್ನೂ ಮೀರಿಸಿ ನಕ್ಕನು. ಮನೆಯಾಕೆ ಬೆಲ್ಲ ನೀರು ತಂದುಕೊಟ್ಟಳು. ಇನ್ನೊಂದು ತುಂಡು ಬೆಲ್ಲವನ್ನು ಅವನೇ ಕೇಳಿ ಹಾಕಿಸಿಕೊಂಡನು.

ಇಷ್ಟು ಹೇಳಿ ಗುರುಗಳು ತಾಳದ ಜೋಡಿಯನ್ನು ಎತ್ತಿ ಶಿಷ್ಯನ ಕೈಗೆ ಹಿಂದಕ್ಕೆ ಕೊಟ್ಟರು. ಶಿಷ್ಯನು ತನ್ನ ಪ್ರಶ್ನೆಗೆ ಉತ್ತರವೇನೆಂದು ಕಾದನು.

"ಅಪ್ಪಾ, ನಿಂತುಹೋಗಿರುವುದು ಅವರ ಮನೆಗಳಲ್ಲಿ ಹಾಡೋ, ನಿನ್ನ ಮನೆಗೆ ಬರುವ ಕಾಲೋ?" ಎಂದರು ಗುರುಗಳು.

ಶಿಷ್ಯನು ತಾಳವನ್ನು ಹಿಡಿದುಕೊಂಡು ಎದ್ದು ಊರ ಕಡೆ ಹೊರಟನು.