ಬೀರಮ್ಮನ ಬಲೆಗಲ್ಲು

ಮಾಳಕೋಣಿಯ ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ, ತೆಂಕಣ ದಡಕ್ಕೆ ಅಂಟಿಕೊಂಡಂತೆ ಕರಿಬಂಡೆಯೊಂದು ನಿಂತಿದೆ. ಉಬ್ಬರದ ಹೊತ್ತಿನಲ್ಲಿ ಅದರ ನೆತ್ತಿಯಷ್ಟೇ ಕಾಣುತ್ತದೆ. ಊರಿನವರು ಇದನ್ನು ಬೀರಮ್ಮನ ಬಲೆಗಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ ಮಾಳಕೋಣಿ ದೊಡ್ಡ ಬಂದರವಾಗಿತ್ತಂತೆ. ಮೆಣಸು ಒಯ್ಯುವ ಹಾಯಿಹಡಗುಗಳು ಸಾಲುಗಟ್ಟಿ ಬರುತ್ತಿದ್ದವು. ಹೀಗಿರಲು ಕಡಲುಗಳ್ಳರು ಪಕ್ಕದ ಗುಡ್ಡದ ಮರೆಯಲ್ಲಿ ಹುಟ್ಟುದೋಣಿಗಳನ್ನು ನಿಲ್ಲಿಸಿಕೊಂಡು, ಹೋಗಿಬರುವ ಹಡಗುಗಳನ್ನು ದೋಚತೊಡಗಿದರು. ಹಡಗುಗಳಿಗೆ ಅಳಿವೆಯ ದಾರಿ ತೋರುತ್ತಿದ್ದ ಸೋಮನೆಂಬ ಮೀನುಗಾರನನ್ನು ಕೊಂದರು. ಹಡಗುಗಳು ಬರುವುದು ನಿಂತಿತು, ಮೆಣಸಿಗೆ ಬೂಷ್ಟು ಹಿಡಿಯಿತು, ಊರಿನ ಒಲೆಗಳು ಆರಿದವು. ಭಟ್ಕಳದ ಇಸ್ಮಾಯಿಲ್ ಎಂಬ ನಾಕುದನ, ಅಂದರೆ ಹಡಗಿನ ಯಜಮಾನನ, ಹಡಗೊಂದು ಮಾತ್ರ ಹೊರಗೆ ಹೋಗಲಾರದೆ ಹೊಳೆಯೊಳಗೇ ಸಿಕ್ಕಿಬಿದ್ದಿತ್ತು. ಆಗ ಸೋಮನ ಹೆಂಡತಿ ಬೀರಮ್ಮ ಊರನ್ನು ಸೇರಿಸಿ, ಮನೆಮನೆಯ ಬಲೆಗಳನ್ನೆಲ್ಲ ಒಂದಕ್ಕೊಂದು ಹೊಲಿದು ಅಳಿವೆಗೆ ಅಡ್ಡಲಾಗಿ ಮುಳುಗಿಸೋಣ ಎಂದಳು. ಊರಿನ ಯಜಮಾನ ಬುದವಂತನಿಗೆ ದಿಗಿಲಾಯಿತು.

“ಬಲೆ ಹರಿದುಹೋದರೆ ಉಣ್ಣುವುದೇನು, ತಂಗೀ?”

“ಹರಿದ ಬಲೆಯನ್ನು ಮತ್ತೆ ಹೆಣೆಯಬಹುದು, ಬುದವಂತಣ್ಣ. ನನ್ನ ಸೋಮನನ್ನು ಹೆಣೆದು ತರಲು ಬರುತ್ತದೆಯೇ?”

ಬುದವಂತ ತನ್ನ ಬಲೆಯನ್ನೇ ಮೊದಲು ತಂದು ಹಾಕಿದ. ಆಕೆ ನಾಕುದನತ್ತ ತಿರುಗಿ, “ನೀವು ಕಡಲಿಗೆ ಹೋಗಿ ಕಳ್ಳರಿಗೆ ಮುಖ ತೋರಿಸಿ, ಒಳಗೆ ಮರಳಿ ಬನ್ನಿ, ಸಾಕು” ಎಂದಳು. ಹಡಗೂ ಹೋದೀತು, ಜೀವವೂ ಹೋದೀತು ಎಂದು ಬಲ್ಲವನಾದರೂ ನಾಕುದ, “ಸೋಮ ನನ್ನನ್ನು ಎಷ್ಟೋ ಸಲ ದಡ ಮುಟ್ಟಿಸಿದ್ದಾನೆ, ಅಕ್ಕಾ. ಹೋಗುತ್ತೇನೆ” ಎಂದನಂತೆ.

ಬಲೆಯ ಒಂದು ತುದಿಯ ಹಗ್ಗವನ್ನು ಬಂಡೆಗೆ ಬಿಗಿದರು. ಇನ್ನೊಂದು ತುದಿಯನ್ನು ಹಿಡಿದು ಬಡಗಣ ದಡದ ಮರಳಿನಲ್ಲಿ ಊರಿಗೆ ಊರೇ ನಿಂತಿತು. ಮಧ್ಯಾಹ್ನದ ಗಾಳಿ ಹಾಯಿಗೆ ತುಂಬಿ ನಾಕುದನ ಹಡಗು ಮರಳಿ ಧಾವಿಸಿತು. ಬೆನ್ನಿಗೇ ಕಳ್ಳರ ದೋಣಿಗಳು ಕೇಕೆ ಹಾಕುತ್ತ ನುಗ್ಗಿದವು. ಹಡಗು ಬಲೆಯ ಮೇಲಿಂದ ದಾಟಿದ್ದೇ ತಡ, ಬೀರಮ್ಮ “ಎಳೀರಿ!” ಎಂದು ಕೂಗಿದಳು. ನೀರಿನಡಿಯಿಂದ ಬಲೆ ಎದ್ದಿತು. ಹುಟ್ಟುಗಳು ತೊಡರಿಕೊಂಡವು, ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಮಗುಚಿದವು. ಕತ್ತಿ ಬೀಸಲೂ ಆಗದೆ ಒದ್ದಾಡುತ್ತಿದ್ದ ಕಳ್ಳರನ್ನು ಜನ ಮೀನಿನಂತೆ ದಡಕ್ಕೆ ಎಳೆದುಹಾಕಿದರು. ಕೊಂದುಬಿಡಿ ಎಂದವರನ್ನು ಬೀರಮ್ಮ ತಡೆದಳು. ಹರಿದ ಬಲೆಗಳನ್ನೆಲ್ಲ ಅವರ ಕೈಯಿಂದಲೇ ಹೆಣೆಸಿ, ಆಮೇಲೆ ಅರಸನ ಆಳುಗಳಿಗೆ ಒಪ್ಪಿಸಿದಳಂತೆ. ಮರುದಿನ ನಾಕುದನ ಹಡಗು ಮೆಣಸು ತುಂಬಿಕೊಂಡು, ಹಾಯಿ ಬಿಚ್ಚಿ, ಹಾಡಹಗಲಲ್ಲಿ ಕಡಲಿಗೆ ಇಳಿಯಿತು.

ಇಳಿತದ ಹೊತ್ತಿಗೆ ಹೋದವರಿಗೆ ಬಂಡೆಯ ನಡುವಿನ ಸುತ್ತ ಬೆರಳು ಹಿಡಿಸುವಷ್ಟು ಆಳದ ಗೆರೆಯೊಂದು ಕಾಣುತ್ತದೆ. ಅಂದು ಹಗ್ಗ ಉಜ್ಜಿದ ಗುರುತು ಅದು ಎನ್ನುತ್ತಾರೆ. ಮಳೆಗಾಲ ಕಳೆದು ಮೊದಲ ಸಲ ಕಡಲಿಗಿಳಿಯುವ ದೋಣಿಯವರು, ಯಾವ ಜಾತಿ ಮತದವರೇ ಆಗಲಿ, ಹೊಸ ಬಲೆಯ ಚೂರೊಂದನ್ನು ಆ ಗೆರೆಗೆ ಕಟ್ಟಿಯೇ ಮುಂದೆ ಸಾಗುತ್ತಾರೆ. ನೀಲಿ, ಹಸಿರು ನೈಲಾನಿನ ಆ ಚೂರುಗಳು ವರ್ಷವಿಡೀ, ನೀರು ಇಳಿದಾಗಲೆಲ್ಲ, ಕಡಲಗಾಳಿಗೆ ಪಟಪಟನೆ ಹಾರುತ್ತಿರುತ್ತವೆ.